ಕ್ಯಾನ್ಸಲ್ ಆಗೋ ತನಕ ಫೋನ್ ಇಡಬ್ಯಾಡ್ರಿ

"ನನ್ನ ಫೋನ್ ಅಲ್ರೀ ಮೇಡಮ್, ನಮ್ಮ ದೊಡ್ಡವ್ವಂದು."

ನೀರಜಾ ಕಣ್ಣು ಮುಚ್ಚಿಕೊಂಡಳು. ಬೆಳಗಿನಿಂದ ಇದು ಏಳನೆಯದು. ಒಬ್ಬನದು ಅಣ್ಣನ ಫೋನು, ಒಬ್ಬನದು ಮಾವನದು, ಇನ್ನೊಬ್ಬನಂತೂ ದೇವಸ್ಥಾನದ ಟ್ರಸ್ಟಿನ ಫೋನು ಎಂದಿದ್ದ. ಹುಡುಗಿಯರ ಜೊತೆ ಚಾಟ್ ಮಾಡಲು ತಿಂಗಳ ದುಡ್ಡು ತುಂಬುವ ಆ ಆ್ಯಪಿನಲ್ಲಿ ಸ್ವಂತ ಫೋನ್ ಇಟ್ಟುಕೊಂಡ ಗಂಡಸು ಒಬ್ಬನೂ ಇರಲಿಲ್ಲವೇನೋ.

2018ರ ಸೆಪ್ಟೆಂಬರ್. ನಾಶಿಕದ ದ್ವಾರಕಾ ಸರ್ಕಲ್ ಹತ್ತಿರ, ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಹೊರಗೆ ಬೋರ್ಡು ಇರಲಿಲ್ಲ. ಒಳಗೆ ಹಿಂದಿ, ಮರಾಠಿ, ಗುಜರಾತಿಯವರ ಸಾಲುಗಳು. ಮೂಲೆಯಲ್ಲಿ ಕನ್ನಡದ ಮೂರು ಕುರ್ಚಿ. ಮೂವರೂ ಓಝರ್‌ನ ವಿಮಾನ ಕಾರ್ಖಾನೆಗೆ ಬಂದು ನೆಲೆಸಿದವರ ಹೆಣ್ಣುಮಕ್ಕಳು. ನೀರಜಾಳ ಅಪ್ಪ ವಿಶ್ವನಾಥಪ್ಪ ಹಾವೇರಿಯಿಂದ ಫಿಟ್ಟರ್ ಆಗಿ ಬಂದು ಮೂವತ್ತು ವರ್ಷವಾಗಿತ್ತು. ಅಪ್ಪನ ಜೊತೆ ಮಾತ್ರ ಆಡುತ್ತಿದ್ದ ಭಾಷೆ ಅವಳಿಗೆ ನೌಕರಿ ಕೊಡಿಸಿತ್ತು. ಕುರ್ಚಿಯ ಜೊತೆ ಒಂದು ಹೆಸರನ್ನೂ ಕೊಟ್ಟಿದ್ದರು: ಪ್ರಿಯಾ.

ಕ್ಯಾನ್ಸಲ್ ಮಾಡಿ ಎಂದವರಿಗೆ ಏನು ಹೇಳಬೇಕೆಂಬುದು ಎದುರಿನ ಹಾಳೆಯಲ್ಲಿತ್ತು. ಮೊದಲು ಮರುಗಬೇಕು. ಆಮೇಲೆ ಅರ್ಧ ಬೆಲೆಗೆ ಕೊಡುತ್ತೇವೆ ಎನ್ನಬೇಕು. ಅದಕ್ಕೂ ಒಪ್ಪದಿದ್ದರೆ ಸಿಸ್ಟಮ್ ನಿಂತಿದೆ, ನಾಳೆ ಫೋನ್ ಮಾಡಿ ಎನ್ನಬೇಕು. ಕ್ಯಾನ್ಸಲ್ ಮಾಡುವುದು ಅವರವರ ಫೋನಿನಲ್ಲೇ ಇದೆ, ನಾಲ್ಕು ಸಲ ಒತ್ತಿದರೆ ಸಾಕು ಎಂಬ ಮಾತನ್ನು ಮಾತ್ರ ಬಾಯಿ ತಪ್ಪಿಯೂ ಆಡಬಾರದು. ಸಂಜೆ ಆಡಗಾಂವ್‌ನ ಮನೆಗೆ ಹೋದ ಮೇಲೆ ನೀರಜಾ ಮೊದಲು ಕಿವಿಗಳನ್ನು ಸೋಪು ಹಚ್ಚಿ ತೊಳೆಯುತ್ತಿದ್ದಳು. ಎಷ್ಟು ತೊಳೆದರೂ ಒಳಗೆ ಏನೋ ಅಂಟು ಉಳಿದಂತಿರುತ್ತಿತ್ತು.

ಈ ಏಳನೆಯವನು ತನ್ನ ಹೆಸರು ರವಿಕುಮಾರ, ಔರಂಗಾಬಾದ್ ಹತ್ತಿರದ ಬಿಡಕಿನ್‌ನಲ್ಲಿ ಹೊಸ ಕಾರ್ಖಾನೆಗಳಿಗೆ ಕೇಬಲ್ ಎಳೆಯುವ ಎಲೆಕ್ಟ್ರಿಷಿಯನ್ ಎಂದ. ದೊಡ್ಡವ್ವ ಎಂದರೆ ಸ್ವಂತದವಳಲ್ಲ, ಅದೇ ಸೈಟಿನಲ್ಲಿ ಕಲ್ಲು ಮಣ್ಣು ಹೊರುವ ಯಲಬುರ್ಗಾ ಕಡೆಯ ಸಕ್ರವ್ವ. ನೀರಜಾ ಅವನ ಹೆಸರು, ಊರು ಬರೆದುಕೊಂಡು, ಹಾಳೆಯಲ್ಲಿದ್ದಷ್ಟು ಜೇನು ಸುರಿಸಿ, ನಾಳೆ ಮಾಡಿ ಎಂದಳು. ದೊಡ್ಡವ್ವನ ಫೋನಂತೆ! ಪಕ್ಕದ ಕುರ್ಚಿಯವಳಿಗೆ ಹೇಳಿ ಮೂಗು ಮುರಿದಳು.

ಅವನು ಮರುದಿನ ಫೋನ್ ಮಾಡಿದ. ಮತ್ತೆ ನಾಳೆ ಎನ್ನಿಸಿಕೊಂಡ. ಮೂರನೆಯ ದಿನ ಮಾಡಿದಾಗ, "ಮೇಡಮ್, ಒಂದ ನಿಮಿಷ ಆಕಿ ಕೂಡ ಮಾತಾಡ್ರಿ, ಆಮ್ಯಾಲ ನಾಳೆ ಅನ್ರಿ" ಎಂದು ಫೋನು ದಾಟಿಸಿದ. ಆ ಕಡೆಯಿಂದ ದಣಿದ, ಒರಟಾದ ಹೆಂಗಸಿನ ದನಿ ಬಂತು.

"ಯವ್ವಾ, ನಾ ಏನ ಒತ್ತಿನೋ ಗೊತ್ತಿಲ್ಲವ್ವಾ. ಮಗಳಿಗೆ ದಿನ ತುಂಬ್ಯಾವು, ಊರಾಗದಾಳ. ಕರೆನ್ಸಿ ಹಾಕಿಸಿದ ಕೂಡ್ಲೇ ಇದು ನುಂಗತೈತಿ, ಆಕಿ ಕೂಡ ಮಾತಾಡಾಕ ಆಗವಲ್ದು. ಮ್ಯಾಲ ಈ ಬರೇಮೈ ಚಿತ್ರ ಬರ್ತಾವು. ಶೆಡ್ಡಿನ ಗಂಡಸರು ಈಗ ನನ್ನ ಬ್ಯಾರೆ ಹೆಸರಲೆ ಕರೀತಾರವ್ವಾ."

ಕಡೆಯ ಮಾತು ಅಳುವಿನಲ್ಲಿ ಮುಳುಗಿತು. ನೀರಜಾ ಎದುರಿನ ಹಾಳೆ ನೋಡಿದಳು. ಮೊದಲು ಮರುಗಬೇಕು ಎಂದು ಬರೆದಿತ್ತು. ಅವಳು ಹಾಳೆಯನ್ನು ಮಗುಚಿ ಹಾಕಿದಳು.

"ಅವ್ವಾ, ಅಳಬ್ಯಾಡ್ರಿ. ಫೋನ್ ಅವರ ಕೈಯಾಗ ಕೊಡ್ರಿ, ಸ್ಪೀಕರ್ ಹಚ್ಚಲಿ. ಪೂರಾ ಕ್ಯಾನ್ಸಲ್ ಆಗೋ ತನಕ ಫೋನ್ ಇಡಬ್ಯಾಡ್ರಿ."

ಆ್ಯಪನ್ನು ಅಳಿಸಿದರೆ ಏನೂ ಆಗುವುದಿಲ್ಲ, ದುಡ್ಡು ಹೋಗುತ್ತಲೇ ಇರುತ್ತದೆ ಎಂದಳು. ಪ್ಲೇ ಸ್ಟೋರ್ ತೆರೆಯಿರಿ, ಎಡಗಡೆ ಮೂರು ಗೆರೆ ಒತ್ತಿರಿ, ಸಬ್‌ಸ್ಕ್ರಿಪ್ಶನ್ಸ್ ಅಂತ ಇದೆಯೇ ನೋಡಿ, ಅದರೊಳಗೆ ಹೋಗಿ ಕ್ಯಾನ್ಸಲ್ ಒತ್ತಿರಿ. ಯಾಕೆ ಬಿಡುತ್ತೀರಿ ಎಂದು ಕೇಳುತ್ತದೆ, ಏನಾದರೂ ಒತ್ತಿರಿ. ಅವನು ಒಂದೊಂದನ್ನೂ ತಿರುಗಿ ಹೇಳುತ್ತಾ ಒತ್ತಿದ. ಕಡೆಗೆ ಉಸಿರು ಬಿಟ್ಟದ್ದು ಕೇಳಿಸಿತು. ಹೋಯಿತಂತೆ.

"ಭಾಳ ಉಪಕಾರ ಆತ್ರಿ. ನಿಮ್ಮ ಹೆಸರು?"

"ಪ್ರಿಯಾ."

"ಅದು ಮೊದಲ ಎರಡ ದಿನ ಮಾತಾಡಿದವರ ಹೆಸರು. ಈಗ ಮಾತಾಡಿದವರದು?"

ನೀರಜಾ ಕರೆ ಕಡಿದಳು. ಆದರೆ ಆ ಆಫೀಸಿನಲ್ಲಿ ಮೊದಲ ಸಲ ಅವಳ ತುಟಿಯಂಚಿನಲ್ಲಿ ನಗು ಬಂದು, ಯಾರಾದರೂ ನೋಡಿದರೇನೋ ಎಂದು ನಾಚಿ, ಅಲ್ಲೇ ನಿಂತಿತು.

ನೋಡಿದವನು ಇದ್ದ. ಸೂಪರ್‌ವೈಸರ್ ಮನೋಜ ಆ ಕರೆಯನ್ನು ಪೂರ್ತಿ ಕೇಳಿಸಿಕೊಂಡಿದ್ದ. ಅವನು ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು. ಇಷ್ಟು ದಿನ ಈ ದನಿಯನ್ನು ಎಲ್ಲಿ ಬಚ್ಚಿಟ್ಟಿದ್ದೆ, ಇದು ಕೆಳಗೆ ಕೊಳೆಯಬಾರದು, ನಾಳೆಯಿಂದ ಮೇಲಿನ ಮಹಡಿಗೆ ಹೋಗು ಎಂದ. ಒಲ್ಲೆ ಎಂದರೆ ಮನೆಗೆ ಹೋಗಬಹುದು, ಆದರೆ ಸೇರುವಾಗ ಇಸಿದುಕೊಂಡ ಅವಳ ಬಿ.ಕಾಂ. ಸರ್ಟಿಫಿಕೇಟುಗಳು ವರ್ಷ ತುಂಬುವ ತನಕ ಅವನ ಕಪಾಟಿನಲ್ಲೇ ಇರುತ್ತವೆ.

ಮೇಲೆ ಏನಿದೆ ಎಂದು ನೀರಜಾಳಿಗೆ ಆವರೆಗೆ ಗೊತ್ತಿರಲಿಲ್ಲ. ಆ್ಯಪಿನ ಹುಡುಗಿಯರೆಲ್ಲ ಅಲ್ಲಿದ್ದರು. ಪಿಂಕಿ ಎಂಬ ಚೆಲುವೆ ಐವತ್ತು ದಾಟಿದ ಕಾರವಾರದ ಜಯಕರ. ಅವನು ಕಾಲನ್ನು ಕುರ್ಚಿಯ ಮೇಲಿಟ್ಟು ಉಗುರು ಕತ್ತರಿಸಿಕೊಳ್ಳುತ್ತಾ, 'ನಿಮ್ಮ ನೆನಪಲ್ಲಿ ನಿದ್ದೆಯೇ ಬರಲಿಲ್ಲ' ಎಂದು ಬರೆಯುತ್ತಿದ್ದ. ಕೋಣೆಯಲ್ಲಿ ಹಳಸಿದ ವಡಾಪಾವ್, ಬೆವರು, ಏಸಿಯ ಹಸಿ ವಾಸನೆ. ಅವಳಿಗೆ ಸ್ವೀಟಿ ಎಂದು ಹೆಸರಿಟ್ಟರು. ಜಯಕರ ಪ್ರೀತಿಯಿಂದಲೇ ಕಲಿಸಿಕೊಟ್ಟ: ದೊಡ್ಡ ಮಾತು ಬೇಡ, ಮೊದಲು ಊಟ ಆಯ್ತಾ ಎಂದು ಕೇಳು. ಅದನ್ನು ಈ ಗಂಡಸರಿಗೆ ಯಾರೂ ಕೇಳಿರುವುದಿಲ್ಲ.

ಅವಳು ಕೇಳಿದಳು. ಹುಬ್ಬಳ್ಳಿಯ ಲಾರಿ ಡ್ರೈವರ್ ಒಬ್ಬ ನಾಲ್ಕನೆಯ ದಿನಕ್ಕೆ ಸ್ವೀಟಿಗೆಂದು ಸೀರೆ ಕೊಂಡು ಫೋಟೋ ಕಳಿಸಿದ. ತಿಳಿ ಹಸಿರು, ಜರಿ ಅಂಚು. ಅಂದು ನೀರಜಾಳಿಗೆ ಡಬ್ಬಿಯ ಅನ್ನ ಇಳಿಯಲಿಲ್ಲ. ಕೆಳಗಿದ್ದಾಗ ಆ ಗಂಡಸರ ಬಗ್ಗೆ ಹೇಸಿಕೊಳ್ಳುತ್ತಿದ್ದಳು. ಈಗ ತನ್ನ ಬೆರಳುಗಳನ್ನು ನೋಡಿಕೊಂಡರೆ ವಾಕರಿಕೆ ಬರುತ್ತಿತ್ತು.

ಒಂಬತ್ತನೆಯ ದಿನ ಹೊಸದಾಗಿ ದುಡ್ಡು ತುಂಬಿದವರ ಪಟ್ಟಿ ಬಂತು. ನಡುವೆ ಒಂದು ಸಾಲು: ರವಿಕುಮಾರ, ಬಿಡಕಿನ್. ಎದುರಿಗೆ ಅವನ ಸ್ವಂತ ನಂಬರು.

ಅವಳು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತಳು. ಈ ಒಂಬತ್ತು ದಿನ, ಬೇರೆ ಏನನ್ನೂ ನೆನೆಯಲಾಗದ ಹೊತ್ತಿನಲ್ಲಿ, ಅವಳು ನೆನೆದಿದ್ದು 'ಈಗ ಮಾತಾಡಿದವರದು?' ಎಂದ ಆ ದನಿಯನ್ನು. ಅದೂ ಇದೇ ಗಟಾರಕ್ಕೆ ಬಂದು ಬಿದ್ದಿತ್ತು. ಮುಖ ಒರೆಸಿಕೊಂಡು ಬಂದು, ಹಲ್ಲು ಕಚ್ಚಿ, ಅವನಿಗೆ ತಾನೇ ಬರೆದಳು: 'ಹಾಯ್, ನಾನು ಸ್ವೀಟಿ. ಊಟ ಆಯ್ತಾ?'

ಉತ್ತರ ಬರಲು ಕಾಲು ಗಂಟೆ ಹಿಡಿಯಿತು. ತಡವರಿಸಿ ಟೈಪ್ ಮಾಡಿದ ಕನ್ನಡ.

'ಮೇಡಮ್ ನನಗ ಚಾಟ್ ಬ್ಯಾಡ. ನಿಮ್ಮ ಕಸ್ಟಮರ್ ಕೇರಿನ್ಯಾಗ ಹಾವೇರಿ ಕಡೆ ಕನ್ನಡ ಮಾತಾಡೋರು ಒಬ್ಬರಿದ್ರು. ರೊಕ್ಕ ತುಂಬಿದ ನಂಬರ್ ಇದ್ರ ಅಷ್ಟ ಅಲ್ಲಿ ಫೋನ್ ಎತ್ತತಾರ, ಅದಕ್ಕ ತುಂಬೀನಿ. ಹನ್ನೆರಡ ಸಲ ಮಾಡಿದೆ, ಅವರು ಸಿಗವಲ್ರು. ನಮ್ಮ ಸಲುವಾಗಿ ಅವರ ನೌಕರಿ ಹೋತೇನು? ಗೊತ್ತಿದ್ರ ಹೇಳ್ರಿ. ದೊಡ್ಡವ್ವನ ಮಗಳಿಗೆ ಹೆಣ್ಣು ಕೂಸು ಆತು ಅಂತ ಅವರಿಗೆ ತಿಳಿಸ್ರಿ.'

ನೀರಜಾ ಅದನ್ನು ಮೂರು ಸಲ ಓದಿದಳು. ಪಕ್ಕದಲ್ಲಿ ಜಯಕರ ಹಲ್ಲು ಕೆದಕುತ್ತಾ, ಗಿರಾಕಿ ಹೇಗಿದ್ದಾನೆ ಎಂದು ಕೇಳಿದ. ಅವಳು ಪಟ್ಟಿಯ ನಂಬರನ್ನು ಅಂಗೈ ಮೇಲೆ ಬರೆದುಕೊಂಡು, ಮೆಟ್ಟಿಲಿಳಿದು ಮನೋಜನ ಎದುರು ನಿಂತಳು. ಸರ್ಟಿಫಿಕೇಟ್ ಕೊಡು ಎಂದಳು. ಅವನು ನಕ್ಕ. ಪಿಂಕಿ ಯಾರು, ಸ್ವೀಟಿ ಯಾರು ಎಂದು ದುಡ್ಡು ತುಂಬಿದವರಿಗೆಲ್ಲ ಕನ್ನಡದಲ್ಲೂ ಮರಾಠಿಯಲ್ಲೂ ಬರೆದು ತಿಳಿಸುತ್ತೇನೆ ಎಂದು ಅವಳು ಎಲ್ಲ ಸಾಲುಗಳಿಗೂ ಕೇಳುವಂತೆ ಹೇಳಿದಾಗ, ಅವನ ನಗು ಸೊಟ್ಟಗಾಯಿತು. ಕಪಾಟು ತೆರೆದು ಲಕೋಟೆಯನ್ನು ಮೇಜಿನ ಮೇಲೆ ಎಸೆದ. ಅವಳು ಹಾಳೆಗಳನ್ನು ಎಣಿಸಿಕೊಂಡು ಹೊರಬಿದ್ದಳು.

ಸಿಟಿ ಬಸ್ ಸ್ಟಾಪಿನಲ್ಲಿ ನಿಂತು ತನ್ನ ಫೋನಿನಿಂದ ಆ ನಂಬರಿಗೆ ಕರೆ ಮಾಡಿದಳು.

"ನಾನ್ರಿ. ನೀವು ಹೆಸರು ಕೇಳಿದ್ರಲ್ಲಾ. ನೀರಜಾ."

ಆ ಕಡೆ ಡ್ರಿಲ್ಲಿಂಗ್ ಮಶೀನಿನ ಸದ್ದು ತಟ್ಟನೆ ನಿಂತಿತು.

ಎರಡು ವಾರ ಮಾತಾಡಿದರು. ಅಕ್ಟೋಬರಿನ ಒಂದು ರವಿವಾರ ಅವಳು ನಾಶಿಕದಿಂದ ಬಸ್ಸು ಹತ್ತಿದಳು. ಬೋರ್ಡಿನ ಮೇಲೆ ಔರಂಗಾಬಾದ್ ಎಂದಿತ್ತು. ಕಂಡಕ್ಟರ್ ಮಾತ್ರ ಅದೇ ಊರನ್ನು ಸಂಭಾಜಿನಗರ, ಸಂಭಾಜಿನಗರ ಎಂದೇ ಕೂಗುತ್ತಿದ್ದ. ಸ್ಟ್ಯಾಂಡಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಕಪ್ಪು ಮುಖದ ಯುವಕನೊಬ್ಬ, ಇಳಿಯುವ ಪ್ರತಿಯೊಬ್ಬ ಹೆಂಗಸನ್ನೂ ನೋಡಿ ಗಾಬರಿಯಿಂದ ನೆಲ ನೋಡುತ್ತಿದ್ದ. ಅವಳು ಹತ್ತಿರ ಹೋಗಿ "ಬಂದು ಭಾಳ ಹೊತ್ತಾತೇನ್ರಿ?" ಎಂದದ್ದೇ, ದನಿ ಗುರುತಿಸಿ ತಲೆಯೆತ್ತಿದ. ಆ ಕಣ್ಣುಗಳಲ್ಲಿ ಬೆಳಕು ಬಂದದ್ದನ್ನು ನೋಡಿ ನೀರಜಾಳೇ ಈ ಸಲ ನೆಲ ನೋಡಿದಳು.

ಇಬ್ಬರೂ ಶೇರ್ ರಿಕ್ಷಾದಲ್ಲಿ ದೌಲತಾಬಾದಿಗೆ ಹೋದರು. ಕೋಟೆಯ ಕೆಳಗೆ ರಸ್ತೆಯುದ್ದಕ್ಕೂ ಸೀತಾಫಲದ ಬುಟ್ಟಿಗಳು. ಬೇವಿನ ಮರದಡಿ ಕುಳಿತು ಹಣ್ಣು ಬಿಡಿಸುವಾಗ, ಆ ಆ್ಯಪಿಗೆ ಹಣ ಇನ್ನೂ ಹೋಗುತ್ತಿದೆಯೇ ಎಂದು ಕೇಳಿದಳು. ಅಳಿಸಿಬಿಟ್ಟೆನಲ್ಲ ಎಂದ. ಅವಳು ಹಣೆ ಚಚ್ಚಿಕೊಂಡು, ಅವನ ಫೋನು ಕಸಿದುಕೊಂಡು, ದೊಡ್ಡವ್ವನಿಗೆ ಮಾಡಿಸಿದ್ದನ್ನು ಮೊದಲಿನಿಂದ ಮಾಡಿದಳು. ಯಾಕೆ ಬಿಡುತ್ತೀರಿ ಎಂದು ಫೋನು ಕೇಳಿದಾಗ, "ಏನ ಒತ್ತಲಿ?" ಎಂದಳು.

"ಬೇಕಾದವರು ಸಿಕ್ಕರು ಅಂತ ಇಲ್ಲೇನ್ರಿ?"

ನೀರಜಾ ನಕ್ಕಳು. ನಕ್ಕ ಮೇಲೆ, ಹೇಳದೆ ಇದ್ದರೆ ಈ ನಗುವೂ ಮೇಲಿನ ಮಹಡಿಯದೇ ಆಗುತ್ತದೆ ಅನ್ನಿಸಿತು.

"ನಿಮಗ ಊಟ ಆಯ್ತಾ ಅಂತ ಕೇಳಿದ ಸ್ವೀಟಿ ನಾನ. ನಿಮಗಷ್ಟ ಅಲ್ಲ. ಒಂಬತ್ತು ದಿನ ಎಷ್ಟೋ ಮಂದಿಗೆ ಕೇಳೀನಿ." ಸೀರೆಯ ವಿಷಯವನ್ನೂ ಹೇಳಿದಳು. ಯಾವುದನ್ನೂ ಬಿಡಲಿಲ್ಲ.

ರವಿಕುಮಾರನ ಕೈ ಹಣ್ಣಿನ ಮೇಲೇ ನಿಂತಿತು. ಎದ್ದು ಹೋಗಿ ರಸ್ತೆಯಂಚಿನಲ್ಲಿ ಬೆನ್ನು ಮಾಡಿ ನಿಂತ. ಎರಡು ಟೂರಿಸ್ಟ್ ಬಸ್ಸುಗಳು ಧೂಳೆಬ್ಬಿಸಿ ಹೋದವು. ಅವಳು ಬ್ಯಾಗು ಹೆಗಲಿಗೆ ಹಾಕಿಕೊಂಡಳು. ಅವನು ತಿರುಗಿ ಬಂದು ಅದೇ ಜಾಗದಲ್ಲಿ ಕುಳಿತ.

"ಹೇಸಿಗಿ ಆತ್ರಿ ನನಗ. ಆ ಮಂದಿ ಮ್ಯಾಲ. ನಿಮ್ಮ ಮ್ಯಾಲೂ ಸ್ವಲ್ಪ ಆತು, ಸುಳ್ಳ ಯಾಕ ಹೇಳ್ಲಿ."

ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ತಿಂಗಳುಗಟ್ಟಲೆ ಸಿಹಿ ಮಾತುಗಳನ್ನೇ ಮಾರಿದವಳ ಕಿವಿಗೆ ಈ ಮಾತು ಬಾವಿಯ ನೀರಿನಷ್ಟು ತಣ್ಣಗೆ, ಚೊಕ್ಕವಾಗಿ ಇಳಿಯಿತು.

"ಹೋಗತೈತಿ ಅಂತ ಅನಸತೈತಿ" ಎಂದ ಅವನು, ಬಿಟ್ಟಿದ್ದ ಹಣ್ಣನ್ನು ಮತ್ತೆ ಕೈಗೆತ್ತಿಕೊಂಡು. "ಹೋಗಲಿಲ್ಲಂದ್ರ ಅದನ್ನೂ ಹೇಳ್ತೀನಿ. ಮುಂದಿನ ರವಿವಾರ ದೊಡ್ಡವ್ವ ನಿಮ್ಮನ್ನ ಉಣ್ಣಾಕ ಕರದಾಳ. ಬರ್ತೀರಿ?"

ವಾರವಿಡೀ ಅವನ ಫೋನು ಬರಲಿಲ್ಲ, ಅವಳೂ ಮಾಡಲಿಲ್ಲ. ಆದರೂ ರವಿವಾರ ಬಿಡಕಿನ್‌ಗೆ ಹೋದಳು. ಸಕ್ರವ್ವ ತಗಡಿನ ಶೆಡ್ಡಿನ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಎದ್ದು, ಹಿಟ್ಟಿನ ಕೈಯಲ್ಲೇ ಅವಳ ಗಲ್ಲ ಹಿಡಿದು, ಮೊಮ್ಮಗಳ ಫೋಟೋ ತೋರಿಸಿದಳು. ರವಿಕುಮಾರ ತಂಬಿಗೆ ಹಿಡಿದು ನಿಂತಿದ್ದ. ಅವಳು ಕೈ ಒಡ್ಡಿದಳು. ಅವನು ನೀರು ಹಾಕುತ್ತಾ, ಸಕ್ರವ್ವನಿಗೆ ಕೇಳದಷ್ಟು ಮೆಲ್ಲಗೆ ಹೇಳಿದ.

"ಹೋತ್ರಿ."

ಅವಳ ಕೈ ನೀರಿನಡಿಯಲ್ಲೇ ನಿಂತಿತು. "ನಂದಿನ್ನೂ ಹೋಗಿಲ್ಲ" ಎಂದಳು. "ನನ್ನ ಮ್ಯಾಲ ನನಗ ಆದ ಹೇಸಿಗಿ."

"ಅವಸರ ಏನೈತ್ರಿ" ಎಂದ ರವಿಕುಮಾರ. ತಂಬಿಗೆ ಖಾಲಿಯಾಗಿತ್ತು. ಮತ್ತೆ ತುಂಬಿಕೊಂಡು ಬಂದು ಅವಳ ಕೈಗೆ ಸುರಿಯತೊಡಗಿದ. "ನಾ ಇರ್ತೀನಿ."