ಹಳೆಯ ವಿಳಾಸ

"ಈ ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ ಪುಟ್ಟೀ. ನೀನು ಯಾವಾಗ ಬಂದ್ರೂ ಅಪ್ಪ ಇಲ್ಲೇ ಇರ್ತಾನೆ."

ಒಂಬತ್ತು ವರ್ಷದ ಹಿಂದೆ, ಅಮ್ಮನ ಕೈ ಹಿಡಿದು ಹೊರಟು ನಿಂತ ಆರು ವರ್ಷದ ಮಗಳಿಗೆ ನಾನು ಕೊಟ್ಟ ಮಾತು ಅದು.

ಅದು ನೆನಪಾಗಿದ್ದು ಯಾವಾಗ ಗೊತ್ತೇ?

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರ ಬಾಯ್ಲರ್ ಎದುರು, ಸೆಕ್ಯುರಿಟಿ ದಾಂಡಿಗನೊಬ್ಬ ಕಾಲರ್ ಹಿಡಿದು ನನ್ನನ್ನು ಗೋಡೆಗೆ ಒತ್ತಿದ್ದಾಗ!

ಬೇರೆಯವರು ಬರೆದು ಕೆಡಿಸಿದ ಪ್ರೋಗ್ರಾಂ ರಿಪೇರಿ ಮಾಡುವುದು ನನ್ನ ಕಸುಬು. ಕಾಲರ್ ಹಿಡಿಸಿಕೊಳ್ಳುವುದು ಸಂಬಳದಲ್ಲಿ ಸೇರಿಲ್ಲ.

"ಸ್ವಿಚ್ ಮುಟ್ಟಬೇಡಿ!" ಮ್ಯಾನೇಜರ್ ತನ್ನ ಟ್ಯಾಬ್ ನನ್ನ ಮೂಗಿಗೆ ಹಿಡಿದ. "ಬರ್ನರ್ ಆರಿಸಿದ್ರೆ ಇವತ್ತಿನ ಬಟ್ಟೆ ಪೂರಾ ಹಾಳು. ನೋಡ್ರೀ... ಪ್ರೆಶರ್ ನಾಲ್ಕೇ ಇದೆ!"

"ಗೇಜ್ ನೋಡಿ ಸ್ವಾಮಿ!" ಬಾಯ್ಲರ್ ನೋಡಿಕೊಳ್ಳುವ ಅಜ್ಜ ಕೂಗಿದ. "ಹತ್ತಕ್ಕೇ ಕೆಂಪು ಗೆರೆ. ಮುಳ್ಳು ಹನ್ನೊಂದು ದಾಟಿದೆ!"

"ನಿನ್ನ ಗೇಜ್ ನಿನ್ನಷ್ಟೇ ಹಳೇದು."

"ಹಾಗಾದ್ರೆ ನೀವೇ ಬಂದು ಇದರ ಪಕ್ಕ ನಿಂತ್ಕೊಳ್ಳಿ. ನಾನು ಮನೆಗೆ ಹೋಗ್ತೀನಿ!"

ಅಜ್ಜ ಹೋಗಲಿಲ್ಲ. ಮ್ಯಾನೇಜರ್ ಹತ್ತಿರ ಬರಲೂ ಇಲ್ಲ.

ಒತ್ತಡ ಮಿತಿ ಮೀರಿದರೆ ತಾನೇ ತೆರೆದು ಆವಿ ಬಿಡಬೇಕಾದ ಸೇಫ್ಟಿ ವಾಲ್ವ್ ಕಡೆ ನೋಡಿದೆ. ಅದನ್ನು ತಂತಿಯಿಂದ ಬಿಗಿದಿದ್ದರು!

"ಆವಿ ಸೋರ್ತಿತ್ತು ಅಂತ ಸಾಹೇಬ್ರೇ ಕಟ್ಟಿಸಿದ್ದು," ಎಂದ ಅಜ್ಜ.

ನನ್ನ ಮೊಣಕಾಲು ದಾಂಡಿಗನ ಹೊಟ್ಟೆಗೆ ಹೋಯಿತು. ಅವನು ಕುಸಿದ.

ಮೂರು ಹೆಜ್ಜೆ... ಸ್ವಿಚ್ ಎಳೆದೆ. ಬೆಂಕಿ ಆರಿತು.

"ಅಜ್ಜಾ, ತಂತಿ!"

ಅಜ್ಜ ಇಕ್ಕಳ ಹಾಕಿದ. ಕಟ್! ಆವಿ ಬೊಬ್ಬೆ ಹೊಡೆಯುತ್ತಾ ಮೇಲೆದ್ದಿತು. ಗೇಜಿನ ಮುಳ್ಳು ಇಳಿಯತೊಡಗಿತು... ಹತ್ತು... ಎಂಟು... ಮೂರು.

ಟ್ಯಾಬ್‌ನಲ್ಲಿ ಆಗಲೂ ನಾಲ್ಕೇ!

ಮ್ಯಾನೇಜರ್ ಟ್ಯಾಬ್ ಕೆಳಗಿಳಿಸಿದ.

"ಪ್ರೆಶರ್ ಅಳೆಯೋಕೆ ಹಾಕಿರೋ ಹೊಸ ಸ್ಕ್ರಿಪ್ಟ್ ಬರೆದವರು ಯಾರು?" ಎಂದೆ.

"ನನ್ನ ಬಾಮೈದ... ಟೆಸ್ಟ್ ಮಾಡಿದಾಗ ಸರಿಯಾಗೇ ಇತ್ತಲ್ಲ?"

"ಪ್ರೆಶರ್ ಅಲುಗಾಡದೆ ನಾಲ್ಕರಲ್ಲೇ ಇದ್ದಾಗ ಟೆಸ್ಟ್ ಮಾಡಿರ್ತಾರೆ."

ಕಂಪ್ಯೂಟರ್ ತೆರೆದೆ. ಬರ್ನರ್ ನಡೆಸುವುದು, ಟ್ಯಾಬ್‌ಗೆ ಅಂಕಿ ಕಳಿಸುವುದು ಸಿ ಭಾಷೆಯ ಹಳೆಯ ಪ್ರೋಗ್ರಾಂ. ಕಂಪೈಲ್ ಆಗಿ, ಇನ್ನು ತಿದ್ದಲಾಗದ ಕಲ್ಲಿನಂತೆ ಕೂತಿತ್ತು. ಪ್ರೆಶರ್ ಅಳೆದು ಅದಕ್ಕೆ ಒಪ್ಪಿಸುವುದು ಬಾಮೈದನ ಸ್ಕ್ರಿಪ್ಟ್. ಅದು ಅಳತೆಯನ್ನು ಮೆಮೊರಿಯಲ್ಲಿ ಒಂದು ಕಡೆ ಇಟ್ಟು, ಆ ಜಾಗದ ವಿಳಾಸವನ್ನು ಬೆಳಗ್ಗೆ ಒಂದೇ ಸಲ ಕೊಟ್ಟಿತ್ತು. ಆಮೇಲೆ ಸೆಕೆಂಡಿಗೊಂದು ಹೊಸ ಜಾಗ, ಹೊಸ ಅಳತೆ! ಹಳೆಯ ಜಾಗದ ಕೈ ಬಿಟ್ಟಿತ್ತು... ಹೇಳದೆ ಕೇಳದೆ.

"ಅಳತೆ ಮನೆ ಖಾಲಿ ಮಾಡಿ ಹೋಗಿದೆ," ಎಂದೆ. "ಈ ಹಳೇ ಪ್ರೋಗ್ರಾಂ ಮಹಾಶಯ ಪಾಪ, ಹಳೇ ವಿಳಾಸಕ್ಕೇ ಹೋಗಿ ಕಿಟಕೀಲಿ ಇಣುಕ್ತಾ ಕೂತಿದ್ದಾನೆ. ಗೋಡೆ ಮೇಲೆ ಯಾರೋ ಬರೆದಿಟ್ಟ ನಾಲ್ಕು ಕಾಣ್ತಿದೆ."

ನಾಲ್ಕು ಸಾಲು ತಿದ್ದಿದೆ. ಇನ್ನು ಒಂದೇ ಜಾಗ. ಅದಕ್ಕೊಂದು ಹೆಸರು ಕೊಟ್ಟು, ಸ್ಕ್ರಿಪ್ಟ್ ಕೊನೆಯವರೆಗೂ ಹಿಡಿದುಕೊಂಡಿರಬೇಕು. ಹೊಸ ಅಳತೆಯನ್ನು ಅಲ್ಲೇ ಬರೆಯಬೇಕು.

ಅಜ್ಜ ಕನ್ನಡಕ ಏರಿಸಿ ಇಣುಕಿದ. "ಪುಟ್ಟಿ ಅಂತ ಇದೆಯಲ್ಲಪ್ಪ... ಯಾರದು?"

"ಕೈ ಬಿಡಬಾರದ್ದಕ್ಕೆ ನಾನು ಇಡೋ ಹೆಸರು ಅಜ್ಜ."

ಬಾಗಿಲ ಹತ್ತಿರ ಮ್ಯಾನೇಜರ್ ಅಡ್ಡ ಬಂದ. ಈಗ ದನಿ ಬೆಣ್ಣೆ.

"ನಮ್ಮ ಇನ್ನೊಂದು ಪ್ಲಾಂಟ್ ಇದೆ. ದೂರದ ಊರು. ಪರ್ಮನೆಂಟ್ ಕೆಲಸ, ಕ್ವಾರ್ಟರ್ಸ್ ಕೊಡ್ತೀವಿ. ಒಬ್ಬರೇ ಇದ್ದೀರಂತೆ... ನಿಮ್ಮನ್ನ ಇಲ್ಲಿ ಹಿಡಿದಿಟ್ಟಿರೋದು ಏನು?"

"ವಿಳಾಸ ಬದಲಾಯಿಸೋ ಹಾಗಿಲ್ಲ. ವಾಲ್ವಿಗೆ ಮತ್ತೆ ತಂತಿ ಕಟ್ಟಿದ್ರೆ ಮುಂದಿನ ಸಲ ಬರೋದು ನಾನಲ್ಲ, ಪೊಲೀಸು!"

ಮನೆಗೆ ಬಂದೆ. ಅದೇ ಬೀದಿ, ಅದೇ ಮೂರನೇ ಮಹಡಿ, ಅದೇ ಹಸಿರು ಬಾಗಿಲು. ಎರಡು ಸಲ ಬಣ್ಣ ಹೊಡೆಸಿದ್ದೇನೆ, ಎರಡು ಸಲವೂ ಹಸಿರೇ. ಗುರುತು ತಪ್ಪಬಾರದಲ್ಲ?

ಹೂಕುಂಡ ಎತ್ತಿದೆ. ಅವಳಿಗೆಂದು ಇಟ್ಟ ಬೀಗದ ಕೈ ಇಟ್ಟಲ್ಲೇ ಇತ್ತು. ತುಕ್ಕು ಒರೆಸಿ, ಎಣ್ಣೆ ಹಚ್ಚಿ, ಮತ್ತೆ ಅಲ್ಲೇ ಇಟ್ಟೆ.

ಕೊಟ್ಟ ಮಾತು ಉಳಿಸಿಕೊಂಡಿದ್ದೇನೆ. ವಿಚಾರಿಸಲು ಯಾರೂ ಬಂದಿಲ್ಲ, ಅಷ್ಟೇ!