ನೀರಿನ ಮೇಲೆ ಹತ್ತು ನಿಮಿಷ

“ಕಾಲು ಬಿಡ್ರೀ.”

“ಒಂದ್ನಿಮಿಷ... ಇಲ್ಲಿ ಒತ್ತಿದ್ರೆ ನೋವಾಗುತ್ತಾ?”

“ಬಿಡಿ ಅಂದ್ನಲ್ಲ...”

ಮರುಕ್ಷಣವೇ ಆ ಯುವಕ ವರುಣಾ ಕೆರೆಯ ನೀರಿನೊಳಗಿದ್ದ.

ಸಿಂಚನ ಬೇಕೆಂದು ಎಸೆದದ್ದಲ್ಲ. ಯಾರಾದರೂ ಕಾಲಿಗೆ ಕೈಹಾಕಿದರೆ ಸೊಂಟ ತಿರುಗಿಸಿ ಎತ್ತಿ ಒಗೆಯುವುದು ಆರನೇ ವಯಸ್ಸಿನಿಂದ ಅವಳ ಮೈಗೆ ಅಂಟಿದ ಅಭ್ಯಾಸ. ಅವಳಪ್ಪ ಬನ್ನಿಮಂಟಪದ ನಿಂಗಯ್ಯ, ಹಳೇ ಪೈಲ್ವಾನರು. ಹೆಣ್ಣುಮಕ್ಕಳು ಗರಡಿಯೊಳಗೆ ಕಾಲಿಡುವ ಹಾಗಿಲ್ಲ ಎಂದಾಗ, ಮನೆಯ ಹಿತ್ತಲಲ್ಲೇ ಕೆಂಪು ಮಣ್ಣು ತುಂಬಿಸಿ ಮಗಳಿಗೆ ಕುಸ್ತಿ ಕಲಿಸಿದವರು.

ನೀರಿನಿಂದ ಒಂದು ತಲೆ ಮೇಲೆ ಬಂತು. ಕನ್ನಡಕದ ಒಂದು ಕಡ್ಡಿ ಮಾತ್ರ ಕಿವಿಗೆ ನೇತಾಡುತ್ತಿತ್ತು.

“ನಾನು ಫಿಸಿಯೋಥೆರಪಿಸ್ಟ್ ರೀ,” ಎಂದ ಅವನು ಕೆಮ್ಮುತ್ತಾ. “ಕಯಾಕ್ ಓಡಿಸೋಣ ಅಂತ ಬಂದಿದ್ದೆ. ನೀವು ದಡದಲ್ಲಿ ಪಾದ ಹಿಡ್ಕೊಂಡು ಅಳ್ತಾ ಕೂತಿದ್ರಿ...”

“ನಾನೇನ್ ಅಳ್ತಿರ್ಲಿಲ್ಲ.”

“ಸರಿ. ಕಣ್ಣಿಂದ ಕೆರೆ ನೀರು ಬರ್ತಿತ್ತು.”

ನಗು ಬಂದೇ ಬಿಡುತ್ತಿತ್ತು. ಅಷ್ಟರಲ್ಲಿ ಅಂಗಾಲಿನಲ್ಲಿ ಮತ್ತೆ ಸೆಳೆತ... ಸಿಂಚನ ತುಟಿ ಕಚ್ಚಿಕೊಂಡಳು.

ಅವಳು ಆ ಕೆರೆಯ ಜಲಕ್ರೀಡಾ ಕೇಂದ್ರದಲ್ಲಿ ಕಯಾಕ್ ದೋಣಿ ನಡೆಸಲು ಕಲಿಸುವವಳು. ಮೂರು ತಿಂಗಳ ಹಿಂದೆ ಅಲ್ಲಿಗೆ ಹೈಡ್ರೋಫಾಯಿಲ್ ಬೋರ್ಡ್ ಬಂದಿತ್ತು. ಹಲಗೆಯ ಕೆಳಗೊಂದು ಕಂಬ, ಕಂಬದ ತುದಿಗೆ ನೀರೊಳಗೆ ರೆಕ್ಕೆ, ಒಂದು ಮೋಟಾರು, ಕೈಯಲ್ಲಿ ರಿಮೋಟು. ವೇಗ ಹಿಡಿದರೆ ಹಲಗೆ ನೀರು ಬಿಟ್ಟು ಮೇಲೇಳುತ್ತದೆ. ಮೊದಲ ಸಲ ಮೇಲೆದ್ದ ದಿನವೇ ಸಿಂಚನ ತೀರ್ಮಾನಿಸಿದ್ದಳು: ನಾನು ಇದನ್ನೇ ಕಲಿಸಬೇಕು.

ಭಾನುವಾರ ಅದಕ್ಕೆ ಪರೀಕ್ಷೆ. ಹತ್ತು ನಿಮಿಷ ಬೀಳದೆ ಓಡಿಸಿದರೆ ಫಾಯಿಲ್ ಬೋರ್ಡ್ ಕಲಿಸುವ ಕೆಲಸ ಅವಳದು. ಇಲ್ಲದಿದ್ದರೆ ಅವಳ ಜೊತೆ ಅಲ್ಲೇ ಕಲಿಸುವ ಸ್ವರೂಪನದು. ಆದರೆ ಮೂರು ನಿಮಿಷ ದಾಟುತ್ತಿದ್ದಂತೆ ಎರಡೂ ಪಾದ ಹಿಡಿದುಕೊಳ್ಳುತ್ತಿದ್ದವು. ಬೆರಳು ಮರಗಟ್ಟಿ, ಅಂಗಾಲಿಗೆ ಯಾರೋ ಸೂಜಿ ಚುಚ್ಚಿದ ಹಾಗೆ. ‘ಮೂಳೆಯೇ ಮುರಿದಿದ್ದರೆ?’ ಈ ಭಯವನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಅವತ್ತು ಗುರುವಾರ.

* * *

ಅದೇ ದಿನ ಸಾಯಂಕಾಲ ಸರಸ್ವತಿಪುರಂನ ಕ್ಲಿನಿಕ್ಕಿನಲ್ಲಿ ಸಿಂಚನ ತಲೆ ತಗ್ಗಿಸಿ ಕೂತಿದ್ದಳು.

“ಮುಟ್ಬಹುದಾ?” ಎಂದು ಕೇಳಿದ ಬೆಳಗಿನ ಆ ಫಿಸಿಯೋಥೆರಪಿಸ್ಟ್, ವಸಿಷ್ಠ. ಕುರ್ಚಿ ಎರಡಡಿ ಹಿಂದಕ್ಕೆ ಎಳೆದುಕೊಂಡೇ ಕೇಳಿದ್ದ.

“ಮುಟ್ಟಿ. ಬೆಳಗ್ಗೆ ಆಗಿದ್ದಕ್ಕೆ ಸಾರಿ. ಅಪ್ಪ ಪೈಲ್ವಾನ್ರು, ಚಿಕ್ಕೋಳಿದ್ದಾಗಿಂದ ಕಲಿಸ್ಬುಟ್ಟಿದಾರೆ.”

“ಪುಣ್ಯಕ್ಕೆ ಈಜು ಬರುತ್ತೆ ನಂಗೆ.”

ಅವನು ಒಂದೊಂದೇ ಮೂಳೆ ಒತ್ತಿ ನೋಡಿದ. ಬೆಚ್ಚಗಿನ, ಆತುರವಿಲ್ಲದ ಬೆರಳುಗಳು. ಸಿಂಚನ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. ‘ಇಷ್ಟು ಮೆತ್ತಗೆ ಮಾತಾಡೋ ಮನುಷ್ಯನ್ನ ನೀರಿಗೆ ಹಾಕಿದ್ನಲ್ಲ...’

ಪಕ್ಕದಲ್ಲೇ ಎಕ್ಸ್‌ರೇ ಆಯಿತು. ಮೂಳೆ ಡಾಕ್ಟರೂ ನೋಡಿದರು.

“ಏನೂ ಮುರ್ದಿಲ್ಲ,” ಎಂದ ವಸಿಷ್ಠ.

ಎದೆಯ ಮೇಲಿಂದ ಒಂದು ಮೂಟೆ ಇಳಿದಂತಾಯಿತು. ಆದರೆ ಅರ್ಧ ಮಾತ್ರ.

“ಮತ್ಯಾಕೆ ನೋವು? ಅದೇ ಬೋರ್ಡು, ಸ್ವರೂಪ್‌ಗೆ ಏನೂ ಆಗಲ್ಲ.”

“ಪಾದದ ಸಣ್ಣ ಸಣ್ಣ ಸ್ನಾಯು ಪೂರ್ತಿ ದಣಿದಿದೆ. ಯಾಕೆ ಅಂತ ನನಗೂ ಗೊತ್ತಾಗ್ತಿಲ್ಲ. ಭಾನುವಾರದ ತನಕ ನೀರಿಗೆ ಇಳೀಬೇಡಿ. ಅಷ್ಟ್ರಲ್ಲಿ ಹುಡುಕ್ತೀನಿ.”

“ಡಾಕ್ಟ್ರೇ, ದಿಲೀಪ್ ಸಾರ್‌ಗೆ ಮಾತ್ರ ಹೇಳ್ಬೇಡಿ. ಮ್ಯಾನೇಜರ್ ಅವ್ರು. ನೋವಿದೆ ಅಂದ್ರೆ ಲಿಸ್ಟಿಂದ ನನ್ ಹೆಸ್ರು ತೆಗೆದ್ಬುಡ್ತಾರೆ.”

“ಪೇಷೆಂಟ್ ವಿಷಯ ನಾನು ಹೊರಗೆ ಮಾತಾಡಲ್ಲ,” ಎಂದ ಅವನು.

ಆ ಮಾತನ್ನು ಅವಳು ಪೂರ್ತಿ ನಂಬಿದಳು. ಶುಕ್ರವಾರವಿಡೀ ಪಾದದ ಕೆಳಗೆ ಟೆನಿಸ್ ಚೆಂಡು ಉರುಳಿಸಿದಳು. ದಿನಕ್ಕೆ ಮೂರು ಸಲ ಎಂದು ಅವನು ಹೇಳಿದ್ದರೆ ಇವಳು ಎಂಟು ಸಲ ಉರುಳಿಸಿ, ಪ್ರತಿ ಸಲವೂ ಅವನಿಗೆ ಮೆಸೇಜು ಹಾಕಿದಳು. ಎಂಟಕ್ಕೂ ಉತ್ತರ ಬಂತು.

* * *

ಶನಿವಾರ ಬೆಳಗ್ಗೆ ಮನೆಯಲ್ಲಿ ಕೂರಲಾಗಲಿಲ್ಲ. ನೀರಿಗಿಳಿಯುವುದು ಬೇಡ, ಕೆರೆ ನೋಡಿಯಾದರೂ ಬರೋಣವೆಂದು ಸ್ಕೂಟರು ಹತ್ತಿದಳು.

ಗೇಟಿನ ಬಳಿಯೇ ಸ್ಕೂಟರು ನಿಲ್ಲಿಸಿಬಿಟ್ಟಳು.

ದಡದಲ್ಲಿ ವಸಿಷ್ಠ. ಅವನೆದುರು ಮ್ಯಾನೇಜರ್ ದಿಲೀಪ್. ಇಬ್ಬರ ನಡುವೆ ಅವಳ ಬೋರ್ಡು. ವಸಿಷ್ಠ ತನ್ನ ಪಾದ ತೋರಿಸಿ ಏನೋ ವಿವರಿಸುತ್ತಿದ್ದ. ದಿಲೀಪ್ ತಲೆ ಅಲ್ಲಾಡಿಸಿ ಜೋರಾಗಿ ನಗುತ್ತಿದ್ದರು. ಆಚೆ ಸ್ವರೂಪ್ ಲೈಫ್ ಜಾಕೆಟ್ ಹಾಕಿಕೊಳ್ಳುತ್ತಿದ್ದ.

‘ಹೇಳ್ಬುಟ್ರು... ಎಲ್ಲಾ ಹೇಳ್ಬುಟ್ರು.’

ಅವಳು ಹತ್ತಿರ ಹೋಗಿ ಕೇಳಬಹುದಿತ್ತು. ಕೇಳಲಿಲ್ಲ. ಸ್ಕೂಟರು ತಿರುಗಿಸಿದಳು. ಮಧ್ಯಾಹ್ನ ಫೋನು ಮೇಲಿಂದ ಮೇಲೆ ಮಿಣುಕಿತು, ವಸಿಷ್ಠನ ಹೆಸರೇ. ತೆಗೆಯದೆ ಆ ನಂಬರನ್ನೇ ಬ್ಲಾಕ್ ಮಾಡಿದಳು.

ನೋವು ಪಾದದಲ್ಲಿದ್ದರೆ ಚೆಂಡು ಉರುಳಿಸಬಹುದು. ಇದಕ್ಕೇನು ಉರುಳಿಸುವುದು?

ಸಾಯಂಕಾಲದ ಹೊತ್ತಿಗೆ ದಿಲೀಪ್‌ಗೆ ಕಳಿಸಲು ಒಂದು ಸಾಲು ಟೈಪ್ ಮಾಡಿದ್ದಳು. ‘ಸಾರ್, ನಾಳೆ ನಾನು ಬರಲ್ಲ.’ ಅವರೇ ಹೆಸರು ತೆಗೆಯುವುದಕ್ಕಿಂತ ತಾನೇ ಬಿಡುವುದು ಮೇಲು. ಇನ್ನೇನು ಕಳಿಸಬೇಕು, ಅಷ್ಟರಲ್ಲಿ ಹಿತ್ತಲಿಂದ ಅಪ್ಪನ ದನಿ ಬಂತು.

“ಯಾರಪ್ಪಾ ನೀನು? ಎರಡೂ ಕಾಲು ಕುಂಟ್ಕಂಡು ಬಂದಿದ್ದೀಯಲ್ಲ.”

“ಸಿಂಚನ ಅವ್ರಿಗೆ ಟ್ರೀಟ್ಮೆಂಟ್ ಕೊಡ್ತಿರೋನು, ಸಾರ್. ವಸಿಷ್ಠ ಅಂತ.”

“ಡಾಕ್ಟ್ರಾ? ನಿನ್ನ ಸ್ಥಿತಿ ನೋಡುದ್ರೆ ನಾನೇ ನಿಂಗೆ ಕೊಡಬೇಕು. ದೇವೀರಿ, ಎಣ್ಣೆ ತತ್ತಾ.”

ಅಮ್ಮ ದೇವಿರಮ್ಮ ಎಣ್ಣೆ ತಂದವರು ಅಲ್ಲೇ ನಿಂತು ಅವನನ್ನು ಮೇಲಿಂದ ಕೆಳಗೆ ನೋಡಿದರು. “ನಮ್ಮನೇಲಿ ಮೊಟ್ಟೆ, ಮಾಂಸ ಎಲ್ಲಾ ತಿಂತೀವಿ ಕಣಪ್ಪ. ಕಾಪಿ ಕುಡೀತೀಯಾ?”

“ಎರಡು ಲೋಟ ಕುಡೀತೀನಿ ಅಮ್ಮ. ಬೆಳಗ್ಗಿಂದ ಕೆರೆ ನೀರೇ ಕುಡ್ದಿರೋದು.”

ಸಿಂಚನ ಬಾಗಿಲ ಸಂದಿಯಿಂದ ನೋಡಿದಳು. ಮಂಡಿಯ ಮೇಲೆ ತರಚು ಗಾಯ, ಊದಿದ ಕಣಕಾಲು... ಏನಾಯಿತು ಇವನಿಗೆ?

“ಸಾರ್, ಒಂದ್ ಸಹಾಯ,” ಎಂದ ವಸಿಷ್ಠ. “ಮಗಳಿಗೆ ಹೆಂಗೆ ನಿಲ್ಲೋದು ಕಲಿಸಿದ್ರಿ? ಸ್ವಲ್ಪ ತೋರಿಸ್ತೀರಾ?”

ನಿಂಗಯ್ಯನವರಿಗೆ ಇಷ್ಟು ಸಾಕು. ಪಂಚೆ ಎತ್ತಿಕಟ್ಟಿ ಕೆಂಪು ಮಣ್ಣಿಗಿಳಿದರು. “ನೋಡು. ಹೆಬ್ಬೆಟ್ಟು ಕೂರ್ಬೇಕು. ಹತ್ತೂ ಬೆರಳು ಮಣ್ಣ ಕಚ್ಕಬೇಕು. ಎದುರಾಳಿ ಅಲ್ಲಾಡಿಸಿದಷ್ಟೂ ಇನ್ನೂ ಗಟ್ಟಿಯಾಗಿ ಕಚ್ಕಬೇಕು. ಪಾದ ಎದ್ರೆ ಮುಗೀತು. ನನ್ ಮಗಳ್ನ ಒಂದ್ಸಲ ಅಲ್ಲಾಡ್ಸು ನೋಡನ.”

ವಸಿಷ್ಠ ಆ ಬೆರಳುಗಳನ್ನೇ ನೋಡುತ್ತಾ ನಿಂತ. ಮುಖ ನಿಧಾನವಾಗಿ ಅರಳಿತು.

“ಸಿಕ್ತು,” ಎಂದ. “ಅವರು ನೀರಿನ ಮೇಲೂ ಮಣ್ಣು ಕಚ್ಚೋಕೆ ಹೋಗ್ತಿದಾರೆ ಸಾರ್. ಬೋರ್ಡು ಅಲ್ಲಾಡಿದಷ್ಟೂ ಬೆರಳು ಬಿಗಿ ಹಿಡೀತಾರೆ, ಅದಕ್ಕೇ ಪಾದ ದಣಿಯೋದು.”

ಸಿಂಚನ ಈಚೆ ಬಂದಳು. ದನಿ ಗಡುಸಾಗಿತ್ತು. “ಬೆಳಗ್ಗೆ ದಿಲೀಪ್ ಸಾರ್ ಹತ್ರ ಏನ್ ಹೇಳಿದ್ರಿ?”

ಅವನು ಬೆಚ್ಚಿ ತಿರುಗಿದ. “ಒಂದ್ ಗಂಟೆ ಬೋರ್ಡು ಕೊಡಿ, ಕಲೀಬೇಕು ಅಂದೆ.”

“ನನ್ ವಿಷಯ?”

“ನಿಮ್ ಹೆಸ್ರೇ ಎತ್ಲಿಲ್ಲ. ಮಾತು ಕೊಟ್ಟಿದ್ನಲ್ಲ.”

“ಮತ್ತೆ ಅವರು ನಗ್ತಿದ್ರು?”

“ಅಷ್ಟೊತ್ತಿಗೆ ಹನ್ನೊಂದು ಸಲ ಬಿದ್ದಿದ್ದೆ ರೀ. ಯಾರಾದ್ರೂ ನಗ್ತಾರೆ. ಹೋಗೋವಾಗ ಮೂವತ್ತೆಂಟಾಗಿತ್ತು.”

ಸಿಂಚನ ಅವನ ಊದಿದ ಕಣಕಾಲಿನ ಕಡೆ ನೋಡಿದಳು.

“ನೋವು ಎಲ್ಲಿಂದ ಶುರುವಾಗುತ್ತೆ ಅಂತ ನಿಂತು ನೋಡ್ದೇ ಹೆಂಗೆ ಗೊತ್ತಾಗುತ್ತೆ?” ಎಂದ ಅವನು. “ನಂಗೆ ಮಂಡಿ ನೋಯ್ತು, ಕಣಕಾಲು ನೋಯ್ತು. ಆದ್ರೆ ನಿಮಗೆ ನೋಯೋ ಜಾಗ ಮಾತ್ರ ನೋಯ್ಲೇ ಇಲ್ಲ. ಹಂಗಾದ್ರೆ ತಪ್ಪು ಬೋರ್ಡಲ್ಲಿಲ್ಲ, ನೀವು ನಿಲ್ಲೋದ್ರಲ್ಲಿ ಏನೋ ಇದೆ ಅನ್ನಿಸ್ತು. ಪೈಲ್ವಾನ್ರ ಮಗಳು ಅಂದಿದ್ದು ನೆನಪಾಯ್ತು. ಫೋನ್ ಮಾಡಿದ್ರೆ ತೆಗೀಲಿಲ್ಲ. ಫೈಲಲ್ಲಿ ಬನ್ನಿಮಂಟಪ ಅಂತಿತ್ತು, ಬಂದು ಪೈಲ್ವಾನ್ರ ಮನೆ ಅಂತ ಕೇಳಿದೆ.”

ಅವಳು ಫೋನು ತೆಗೆದು, ದಿಲೀಪ್‌ಗೆಂದು ಬರೆದಿದ್ದ ಸಾಲನ್ನು ಒಂದೊಂದೇ ಅಕ್ಷರ ಅಳಿಸಿದಳು. ಅಳಿಸಿದ ಹಾಗೆಲ್ಲ ಉಸಿರು ಹಗುರವಾಯಿತು.

ಆ ಸಾಯಂಕಾಲ ಅಮ್ಮನ ಊಟದ ಮಣೆಯ ಕೆಳಗೆ ಒಂದು ತುಂಡು ಪೈಪು ಇಟ್ಟು ಅವಳನ್ನು ಅದರ ಮೇಲೆ ನಿಲ್ಲಿಸಿದ ವಸಿಷ್ಠ. “ಮಂಡಿ ಸಡಿಲ. ಬೆರಳು ಅಗಲ. ಅಲ್ಲಾಡಿದ್ರೆ ಅಲ್ಲಾಡ್ಲಿ, ಹಿಡ್ಕೊಬೇಡಿ. ಬೆರಳು ಮೇಲೆತ್ತಿ ಆಡಿಸಿ.”

“ಹದಿನೆಂಟು ವರ್ಷ ಕಲಿಸಿದ್ದ ಒಂದೇ ಸಂಜೇಲಿ ಬುಡಿಸ್ತೀಯಲ್ಲಯ್ಯ,” ಎಂದರು ನಿಂಗಯ್ಯ.

“ಮಣ್ಣಿನ ಮೇಲೆ ನಿಮ್ದೇ ಸರಿ ಸಾರ್. ನೀರಿಗೆ ಮಾತ್ರ ಬಿಟ್ಕೊಡಿ.”

“ಹಾಳಾಗೋಗ್ಲಿ, ಬುಟ್ಟೆ.”

ಸಿಂಚನ ಮಣೆಯಿಂದ ಆರು ಸಲ ಜಾರಿದಳು. ಏಳನೇ ಸಲ ಅಮ್ಮ ದೋಸೆ ಹುಯ್ದು ಮುಗಿಸುವ ತನಕ ನಿಂತಿದ್ದಳು.

* * *

ಭಾನುವಾರ ಕೆರೆಯ ಮೇಲೆ ಸಣ್ಣಗೆ ಗಾಳಿಯಿತ್ತು. ಸ್ವರೂಪ್ ಎಂಟನೇ ನಿಮಿಷದಲ್ಲಿ ಒಂದು ತಿರುವಿನಲ್ಲಿ ಬಿದ್ದಿದ್ದ. ಈಗ ಸಿಂಚನಳ ಸರದಿ.

ಬೋರ್ಡು ನೀರು ಬಿಟ್ಟು ಮೇಲೆದ್ದಿತು. ಒಂದು ನಿಮಿಷ. ಎರಡು.

ಮೂರನೇ ನಿಮಿಷಕ್ಕೆ ಪಕ್ಕದಲ್ಲಿ ಹಾದ ದೋಣಿಯ ಅಲೆ ಬಡಿಯಿತು. ಬೋರ್ಡು ಅಲುಗಿತು. ಹತ್ತೂ ಬೆರಳು ತಾವಾಗಿಯೇ ಮಡಚಿಕೊಂಡವು... ಅಂಗಾಲಿಗೆ ಚುಚ್ಚಿತು ಸೂಜಿ.

‘ಬಂತು. ಮತ್ತೆ ಬಂತು.’

ಇನ್ನಷ್ಟು ಬಿಗಿಹಿಡಿ ಎಂದು ಮೈ ಕೂಗುತ್ತಿತ್ತು. ಅವಳು ಬಾಯಿಬಿಟ್ಟು ಉಸಿರು ಹೊರಹಾಕಿದಳು. ಹೆಬ್ಬೆರಳು ಎತ್ತಿದಳು, ಆಮೇಲೆ ಪಕ್ಕದ್ದು, ಆಮೇಲೆ ಎಲ್ಲವೂ. ಈಗ ಬೀಳುತ್ತೇನೆ ಅಂದುಕೊಂಡಳು.

ಬೀಳಲಿಲ್ಲ. ಬೋರ್ಡು ತನ್ನಷ್ಟಕ್ಕೆ ಓಲಾಡಿ ಸಮವಾಯಿತು. ಸೂಜಿ ನಿಧಾನವಾಗಿ ಹೊರಬಂದ ಹಾಗಾಯಿತು.

ಐದು ನಿಮಿಷ. ಏಳು. ಪಾದಗಳು ತನ್ನವೇ ಎಂಬುದು ಅವಳಿಗೆ ಎಷ್ಟೋ ವಾರಗಳ ಮೇಲೆ ಗೊತ್ತಾಗುತ್ತಿತ್ತು. ಒಂಬತ್ತರಲ್ಲಿ ಅವಳು ನಗುತ್ತಿದ್ದಳು. ಸೀಟಿ ಊದಿದ್ದೂ ಕೇಳಿಸದೆ ಇನ್ನೊಂದು ಸುತ್ತು ಹೊಡೆದಳು.

“ಸಾಕು ಬಾರಮ್ಮ, ಬ್ಯಾಟ್ರಿ ಮುಗಿಯುತ್ತೆ,” ದಿಲೀಪ್ ದಡದಿಂದ ಕೈಬೀಸಿದರು. “ಬುಧವಾರದಿಂದ ಕ್ಲಾಸ್ ನಿಂದೇ.”

ಅವಳು ದಡದ ಮೆಟ್ಟಿಲ ಮೇಲೆ ಕುಸಿದು ಕೂತಳು. ನೋವಿಗಲ್ಲ... ಬರೀ ನೆಮ್ಮದಿಗೆ. ವಸಿಷ್ಠ ಬಂದು ಪಕ್ಕದಲ್ಲಿ ಕೂತ.

“ನೋವು?”

“ಇಲ್ಲ. ಚೂರೂ ಇಲ್ಲ.” ಅವಳೇ ಮುಂದುವರಿಸಿದಳು. “ನಿಮ್ಮನ್ನ ಒಂದ್ ಮಾತು ಕೇಳ್ದೇನೇ ಅನುಮಾನ ಪಟ್ಬುಟ್ಟೆ. ನಂಬಿದ್ದೆ, ಅದಕ್ಕೇ ಅಷ್ಟು ಸಂಕಟ ಆಯ್ತು.”

“ಇನ್ಮೇಲೆ ನಿಮ್ ಟ್ರೀಟ್ಮೆಂಟ್ ನಾನು ಮಾಡಲ್ಲ, ಸಿಂಚನ,” ಎಂದ ಅವನು. “ನಮ್ ಕ್ಲಿನಿಕ್ಕಲ್ಲಿ ಭವ್ಯಶ್ರೀ ಮೇಡಂ ಇದಾರಲ್ಲ, ನಿಮ್ ಫೈಲ್ ಅವರಿಗೆ ಕೊಟ್ಟಿದೀನಿ.”

“ಯಾಕೆ? ಕೋಪಾನಾ?”

“ಮೂವತ್ತೆಂಟನೇ ಸಲ ಬಿದ್ದಾಗ ನೀರೊಳಗೆ ಯೋಚ್ನೆ ಬಂತು. ಬೇರೆ ಯಾವ ಪೇಷೆಂಟ್‌ಗೂ ನಾನು ಎರಡನೇ ಸಲ ಬೀಳ್ತಿರ್ಲಿಲ್ಲ ಅಂತ. ಪೇಷೆಂಟ್‌ನ ಪ್ರೀತ್ಸೋದು ತಪ್ಪು. ಅದಕ್ಕೇ...”

ಸಿಂಚನ ನೀರಿನಲ್ಲಿ ಪಾದ ಆಡಿಸುತ್ತಾ ಕೂತಳು. ಕೆನ್ನೆ ಬಿಸಿಯಾಗಿತ್ತು.

“ಹಂಗಾದ್ರೆ ನಾನೀಗ ನಿಮ್ ಪೇಷೆಂಟ್ ಅಲ್ಲ.”

“ಅಲ್ಲ.”

“ಒಳ್ಳೇದೇ ಆಯ್ತು. ಬುಧವಾರ ಆರು ಗಂಟೆಗೆ ಬನ್ನಿ. ನನ್ ಫಸ್ಟ್ ಸ್ಟೂಡೆಂಟ್ ನೀವೇ.”

ಅವನು ಅವಳ ಕಡೆ ತಿರುಗಿದ. “ಸ್ಟೂಡೆಂಟ್‌ನ ಪ್ರೀತ್ಸೋದೂ ತಪ್ಪಲ್ವಾ?”

“ಅದೆಲ್ಲಾ ನಿಮ್ ಕ್ಲಿನಿಕ್ ರೂಲ್ಸು,” ಎಂದು ಅವಳು ಅವನ ಕೈಯೊಳಗೆ ತನ್ನ ಒದ್ದೆ ಕೈಯಿಟ್ಟಳು. “ಕೆರೇಲಿ ಹಂಗೇನಿಲ್ಲ ಕಣ್ರೀ.”