ಕಾಪು ಬಂಡೆಯಲ್ಲಿ ಎರಡನೇ ಟೇಕ್

ಹಿಂದಿನ ಗಾಜು ಒಡೆಯಿತು!

ಮುಷ್ಟಿಗಾತ್ರದ ಕಲ್ಲು ನನ್ನ ಕಿವಿಯ ಪಕ್ಕದಲ್ಲೇ ಹಾರಿ, ಡ್ಯಾಶ್‌ಬೋರ್ಡಿಗೆ ಬಡಿದು ಕಾಲಬುಡಕ್ಕೆ ಬಿತ್ತು.

"ತಲೆ ಎತ್ತಬೇಡ!" ಎಂದೆ.

ಹಿಂದಿನ ಸೀಟಿನ ಕೆಳಗೆ, ಟಾರ್ಪಾಲಿನ ಅಡಿಯಿಂದ ಉತ್ತರ ಬಂತು. "ಎತ್ತಿಲ್ರೀ ಸಾಹೇಬ್ರ..."

ಸಂತೆಕಟ್ಟೆ ಜಂಕ್ಷನ್. ಮಧ್ಯಾಹ್ನ ಎರಡೂವರೆ. ಎದುರು ಮೀನಿನ ಲಾರಿ. ಎಡಕ್ಕೆ ಸಿಟಿ ಬಸ್ಸು. ಹಿಂದೆ ಐದು ಬೈಕು, ಒಂದೊಂದರಲ್ಲಿ ಇಬ್ಬರು, ಮೂವರು. ಒಬ್ಬನ ಕೈಯಲ್ಲಿ ಕಬ್ಬಿಣದ ರಾಡು.

ನೀವಾಗಿದ್ದರೆ ಬೆವರುತ್ತಿದ್ದಿರಿ. ನನಗೆ ಏನೂ ಆಗಲಿಲ್ಲ. ನಾಲ್ಕು ವರ್ಷದಿಂದ ನನಗೆ ಏನೂ ಆಗುವುದಿಲ್ಲ.

ಲಾರಿಗೂ ಬಸ್ಸಿಗೂ ನಡುವೆ ನನ್ನ ಹಳೇ ಆಲ್ಟೊ ತೂರುವಷ್ಟು ಜಾಗ ಇರಲಿಲ್ಲ.

ತೂರಿಸಿದೆ!

ಎಡಗಡೆಯ ಕನ್ನಡಿ ಹೋಯಿತು. ಬೈಕುಗಳು ಲಾರಿಯ ಆಚೆ ಉಳಿದವು. ಅಂಬಾಗಿಲಿನಲ್ಲಿ ಹೈವೇ ಬಿಟ್ಟು ಪೆರಂಪಳ್ಳಿ ರಸ್ತೆ ಹಿಡಿದು ಮಣಿಪಾಲದ ಕಡೆ ಏರಿದೆ.

ಇದು ಹೇಗೆ ಶುರುವಾಯಿತು ಅಂತ ಹೇಳಿಬಿಡುತ್ತೇನೆ.

ನನ್ನ ಹೆಸರು ಭುಜಂಗ. ಹದಿನೆಂಟು ವರ್ಷ ಪೊಲೀಸ್ ಇಲಾಖೆಯಲ್ಲಿದ್ದೆ. ಈಗ ಉಡುಪಿಯಲ್ಲಿ ಒಂದು ಮಹಡಿ ಕೋಣೆ, ಒಂದು ಮೇಜು, ಸದ್ದು ಮಾಡುವ ಒಂದು ಫ್ಯಾನು. ಕಾಣೆಯಾದವರನ್ನು ಹುಡುಕಿಕೊಡುತ್ತೇನೆ.

ಆ ಸೋಮವಾರ ಬೆಳಿಗ್ಗೆ ರೋಹಿತಾಕ್ಷ ಬಂದ. ಕಾಪುವಿನ ಬಿಲ್ಡಿಂಗ್ ಕಾಂಟ್ರಾಕ್ಟರ್. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೆಂಪಾದ ಕಣ್ಣು. ಅವನ ಹೆಂಡತಿ ದೀಕ್ಷಿತಾಳ ತಮ್ಮ ಉಜ್ವಲ್. ಬಾವನ ಸೈಟುಗಳನ್ನು ನೋಡಿಕೊಳ್ಳುತ್ತಿದ್ದ. ಶನಿವಾರ ಬೆಳಿಗ್ಗೆ ಅವನ ಹೆಣ ಕಾಪು ಲೈಟ್‌ಹೌಸಿನ ಬಂಡೆಗಳ ಬುಡದಲ್ಲಿ ಸಿಕ್ಕಿತ್ತು.

"ಕಾಲು ಜಾರಿದ್ದು ಅಂತ ತಿಳಿದಿದ್ದೆವು ಭುಜಂಗಣ್ಣ. ನಿನ್ನೆ ಇದು ಬಂತು."

ಮೊಬೈಲ್ ಮುಂದೆ ಹಿಡಿದ.

ಹನ್ನೊಂದು ಸೆಕೆಂಡಿನ ಕ್ಲಿಪ್. ಕಾಪುವಿನ ಬಂಡೆ, ಮಬ್ಬು ಬೆಳಕು. ಲುಂಗಿ ಉಟ್ಟವನೊಬ್ಬ, ನಮಗೆ ಬೆನ್ನು ಹಾಕಿದ ಇನ್ನೊಬ್ಬನನ್ನು ಒದೆಯುತ್ತಾನೆ. ಅವನು ಸಮುದ್ರಕ್ಕೆ ಬೀಳುತ್ತಾನೆ. ಒದ್ದವನ ಮುಖ ಸ್ಪಷ್ಟ.

"ಇವ ಭೀಮೇಶ. ನನ್ನ ಸೈಟಿನ ಸೆಂಟ್ರಿಂಗ್ ಕೆಲಸದವ. ಕೊಪ್ಪಳದ ಕಡೆಯವ. ಶನಿವಾರದಿಂದ ನಾಪತ್ತೆ. ಹುಡುಕಿ ಕೊಡಿ."

"ಪೊಲೀಸರು ಎಂತ ಮಾಡ್ತಿದ್ದಾರೆ?"

"ಅವರೂ ಹುಡುಕ್ತಾರೆ. ಸಿಕ್ಕಿದರೆ ಮೊದಲು ನನಗೆ ಹೇಳಿ. ನಾನೇ ಅವರಿಗೆ ಒಪ್ಪಿಸ್ತೇನೆ."

ಆ ಮಾತು ಕಿವಿಗೆ ಬಿತ್ತು. ತಲೆಗೆ ಹೋಗಲಿಲ್ಲ!

ಮಧ್ಯಾಹ್ನದ ಹೊತ್ತಿಗೆ ಭೀಮೇಶ ಸಿಕ್ಕಿದ. ಸಂತೆಕಟ್ಟೆಯಲ್ಲಿ, ಅವನ ಊರಿನ ಕೂಲಿಯವರ ತಗಡಿನ ಶೆಡ್ಡಿನಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ಮೂವತ್ತರ ಆಸುಪಾಸು, ಕೈತುಂಬ ಸಿಮೆಂಟಿನ ಬಿರುಕು. ಹೊರಗೆ ನಿಂತು ರೋಹಿತಾಕ್ಷನಿಗೆ ಫೋನ್ ಮಾಡಿದೆ. ಆಮೇಲೆ ಒಳಗೆ ಹೋಗಿ ಭೀಮೇಶನಿಗೆ ಕ್ಲಿಪ್ ತೋರಿಸಿದೆ.

ಅವನು ನಕ್ಕುಬಿಟ್ಟ!

"ಇದು ಪಿಚ್ಚರ್ ಅದ ಅಲ್ರೀ!"

ತನ್ನ ಮೊಬೈಲ್ ತೆಗೆದು ತೋರಿಸಿದ. ಅದೇ ದೃಶ್ಯ, ಆದರೆ ಉದ್ದ. ಹಿಂದೆ ಢಣಢಣ ಮ್ಯೂಸಿಕ್ಕು, ಪಕ್ಕದಲ್ಲಿ ಕಿರುಚುವ ಹೀರೋಯಿನ್ನು, ಕೊನೆಗೊಂದು ಭಾರೀ ಡೈಲಾಗು. ಹೀರೊನ ಮುಖ ಇರಬೇಕಾದಲ್ಲಿ ಭೀಮೇಶನ ಮುಖ.

"ಮುಖ ಬದ್ಲಿ ಮಾಡೋ ಎಐ ಆ್ಯಪ್ ಬಂದದಲ್ರೀ... ಊಟದ ಹೊತ್ತಿನ್ಯಾಗ ಧಣಿ ನಮ್ಮೆಲ್ಲಾರ ಫೋಟೊ ತಗದು, ಒಬ್ಬೊಬ್ಬರ್ನೂ ಒಂದೊಂದು ಪಿಚ್ಚರ್‌ದಾಗ ಹೀರೊ ಮಾಡಿದ್ರು. ನನಗ ಇದು ಬಂತು."

ಕಳಿಸಿದವನ ಹೆಸರು ನೋಡಿದೆ. ರೋಹಿತಾಕ್ಷ. ತಾರೀಖು ನೋಡಿದೆ. ಹಿಂದಿನ ಸೋಮವಾರ.

ಉಜ್ವಲ್ ಸತ್ತದ್ದು ಶುಕ್ರವಾರ!

ಆಗ ಸಿನಿಮಾ ನೆನಪಾಯಿತು. ಕಾಪುವಿನಲ್ಲೇ ಶೂಟಿಂಗ್ ಆದ ಕ್ಲೈಮ್ಯಾಕ್ಸ್. ನನ್ನ ಪ್ರಾಯದವರೆಲ್ಲ ಟಾಕೀಸಿನಲ್ಲಿ ಶಿಳ್ಳೆ ಹೊಡೆದ ಸೀನು. ನಾನು ಮೂರು ಸಲ ನೋಡಿದ್ದೆ. ಆದರೂ ಗುರುತಿಸಲಿಲ್ಲ! ಮ್ಯೂಸಿಕ್ ತೆಗೆದು, ಹೀರೋಯಿನ್ನನ್ನು ಕತ್ತರಿಸಿ, ಬಣ್ಣ ಮಂಕು ಮಾಡಿದ್ದರು. ಅಷ್ಟೇ. ನಾನು ಬರೀ ಮುಖ ನೋಡಿದ್ದೆ.

"ಮತ್ತೆ ನೀನು ಅಡಗಿದ್ದು ಯಾಕೆ?"

ಅವನ ನಗು ನಿಂತಿತು. "ಬುಧವಾರ ಬಜಗೋಳಿ ಸೈಟ್‌ನ್ಯಾಗ ಸ್ಲ್ಯಾಬ್ ಬಿತ್ರೀ. ನಮ್ಮ ರಾಮಲಿಂಗ ಕೆಳಗಿದ್ದ... ಸ್ಲ್ಯಾಬಿನ ಕೆಳಗಿನ ಸೆಂಟ್ರಿಂಗ್ ಹಲಗಿ ಇನ್ನೂ ನಾಕು ದಿನ ಬಿಚ್ಚಬಾರ್ದಿತ್ತು. ಧಣಿ ಬಿಚ್ಚಿಸಿದ್ರು. ಅವತ್ತೇ ಹೆಣ ಊರಿಗೆ ಸಾಗಿಸಿದ್ರು, ಎದಿನೋವು ಬಂದು ಸತ್ತ ಅಂತ. ನೋಡಿದವ್ರು ಇಬ್ಬರು. ನಾನು, ಉಜ್ವಲ್ ಅಣ್ಣಾರು. ಅವ್ರು ಫೋಟೊ ತಗದಿದ್ರು. 'ಪೊಲೀಸ್ರಿಗೆ ಹೇಳ್ತೀನಿ' ಅಂದಿದ್ರು..."

ಅಷ್ಟರಲ್ಲಿ ಹೊರಗೆ ಬೈಕುಗಳ ಸದ್ದು. ಪೊಲೀಸ್ ಜೀಪಿನದಲ್ಲ.

ವಿಳಾಸ ಕೊಟ್ಟವನು ನಾನೇ!

ಹಾಗೆ ಓಡಿದ್ದು.

ಮಣಿಪಾಲದ ಒಂದು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಗಾಡಿ ನಿಲ್ಲಿಸಿದೆ. ಗೊತ್ತಿದ್ದ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದೆ.

"ಸ್ಟೇಷನ್ನಿಗೆ ಈಗ ಕರ್ಕೊಂಡು ಬರಬೇಡಿ," ಎಂದರು. "ಗೇಟಿನ ಎದುರು ಇನ್ನೂರು ಜನ ಉಂಟು. ಎಲ್ಲರ ಕೈಯಲ್ಲೂ ಆ ಕ್ಲಿಪ್ಪು!"

ನಾಲ್ಕು ವರ್ಷದ ಹಿಂದೆಯೂ ಗೇಟಿನ ಎದುರು ಜನ ಇದ್ದರು. ಮಕ್ಕಳ ಕಳ್ಳ ಅಂತ ಒಬ್ಬನನ್ನು ಹಿಡಿದು ತಂದಿದ್ದೆ. ಜೀಪಿನಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ಅವನು ಹನ್ನೆರಡು ನಡೆದ. ಅವನ ಕೈ ನನ್ನ ಕೈಯಲ್ಲಿತ್ತು. ಬಲೂನು ಮಾರುವವನು ಅಂತ ಮಾರನೇ ದಿನ ಗೊತ್ತಾಯಿತು.

ಆಮೇಲೆ ಕೆಲಸ ಬಿಟ್ಟೆ. ಅಳು ಬರಲಿಲ್ಲ. ಏನೂ ಬರಲಿಲ್ಲ.

"ಕಾಪುವಿಗೆ ಜೀಪು ಕಳಿಸಿ," ಎಂದೆ ಇನ್ಸ್‌ಪೆಕ್ಟರಿಗೆ. ಗುಂಪಿಗೆ ಕಾಗದಪತ್ರ ತೋರಿಸಿ ಪ್ರಯೋಜನ ಇಲ್ಲ. ಅದಕ್ಕೆ ಮನುಷ್ಯ ಬೇಕು. ಅಂಥ ಮನುಷ್ಯ ಒಬ್ಬ ಇದ್ದ.

ಅಲೆವೂರು ಒಳರಸ್ತೆ. ಕಟಪಾಡಿ. ಕಾಪು.

ಮೌರಿಸ್‌ಗೆ ಅರವತ್ತೆಂಟು. ಒಂದು ಕಾಲದಲ್ಲಿ ಸಿನಿಮಾದ ಫೈಟರ್, ಕಾಪುವಿನ ಆ ಶೂಟಿಂಗಿನಲ್ಲೂ ಇದ್ದ ಅಂತ ಕೇಳಿದ್ದೆ. ಈಗ ಲೈಟ್‌ಹೌಸಿನ ಹತ್ತಿರ ಹಂಚಿನ ಮನೆ, ಜಗಲಿ, ಕುಂಟುವ ಸೊಂಟ. ಕ್ಲಿಪ್ ತೋರಿಸಿದೆ. ಕನ್ನಡಕ ಹಾಕಿ ನೋಡಿದ. ಇನ್ನೊಮ್ಮೆ ನೋಡಿದ.

"ಒದ್ದವ ಯಾರು ನನಗೆ ಗೊತ್ತಿಲ್ಲ ಭುಜಂಗಣ್ಣ. ಆದರೆ ಬಿದ್ದದ್ದು ನಾನು ಮಾರಾಯ!"

"ಖಂಡಿತವಾ?"

"ಎಡಗೈ ನೋಡಿ. ಮೊದಲು ತಲೆಯ ಮೇಲೆ ಹೋಗ್ತದೆ. ಆಮೇಲೆ ಬಲಗಾಲು ಮಡಚುತ್ತದೆ. ಬಂಡೆ ತಾಗದ ಹಾಗೆ ತಿರುಗಲಿಕ್ಕೆ. ಹಾಗೆ ಬೀಳುವವ ನಾನೊಬ್ಬನೇ!"

ಭೀಮೇಶ ಅವನ ಕಾಲು ಮುಟ್ಟಲು ಬಾಗಿದ. ಅಷ್ಟರಲ್ಲಿ ಅಂಗಳ ತುಂಬಿತು.

ಹಿಂದಿನ ಗಾಜು ಇಲ್ಲದ ಆಲ್ಟೊವನ್ನು ಕಟಪಾಡಿಯಲ್ಲಿ ಯಾರೋ ನೋಡಿದ್ದರಂತೆ. ಐದು ಬೈಕು ಹದಿನೈದಾಗಿತ್ತು. ಹಿಂದೆ ಒಂದು ಕಾರು. ರೋಹಿತಾಕ್ಷ ಇಳಿದ. ಇನ್ನೊಂದು ಬಾಗಿಲಿನಿಂದ ದೀಕ್ಷಿತಾ. ಕೆದರಿದ ಕೂದಲು, ಬರಿಗಾಲು. ತಮ್ಮನನ್ನು ಕೊಂದವನ ಮುಖ ನೋಡಲು ಬಂದಿದ್ದಳು.

"ಭೀಮೇಶನ ಮೊಬೈಲ್ ಕೊಡಿ ಭುಜಂಗಣ್ಣ," ಎಂದ ರೋಹಿತಾಕ್ಷ.

"ಪೊಲೀಸರಿಗೆ ಕೊಡ್ತೇನೆ."

ರಾಡು ನನ್ನ ಪಕ್ಕೆಲುಬಿಗೆ ಬಿತ್ತು. ಮೊಣಕಾಲೂರಿದೆ. ನನ್ನ ಕಿಸೆಯಿಂದ ಆ ಮೊಬೈಲ್ ಕಿತ್ತುಕೊಂಡ ರೋಹಿತಾಕ್ಷ ಅದನ್ನು ಮೆಟ್ಟಿಲಿನ ಕಲ್ಲಿಗೆ ಬಡಿದ. ಒಂದು ಸಲ. ಎರಡು ಸಲ. ಮೂರು...

"ಈಗ ಎಂತ ಉಂಟು ನಿಮ್ಮ ಹತ್ತಿರ?"

"ನಾನು ಉಂಟು!"

ಕೂಗಿದ್ದು ಮೌರಿಸ್. ಶರ್ಟು ಬಿಚ್ಚಿ ಜಗಲಿಗೆ ಎಸೆದ.

"ಆ ಕ್ಲಿಪ್ಪಿನಲ್ಲಿ ಬಿದ್ದವ ಉಜ್ವಲ್ ಅಲ್ವಾ? ಬನ್ನಿ ನನ್ನ ಹಿಂದೆ. ಎಲ್ಲರೂ ಮೊಬೈಲ್ ಹೊರಗೆ ತೆಗೀರಿ. ಕ್ಲಿಪ್ ಹಾಕಿ. ಪಕ್ಕದಲ್ಲಿ ಹಿಡಿದು ನನ್ನನ್ನು ನೋಡಿ!"

ಕುಂಟುತ್ತಾ ಬಂಡೆ ಏರಿದ. ಗುಂಪು ಭೀಮೇಶನನ್ನು ಎಳೆದುಕೊಂಡೇ ಹಿಂದೆ ಬಂತು. ಹೊಡೆಯುವುದನ್ನು ಮರೆತದ್ದು ಯಾಕೆ ಅಂತ ನನಗೂ ಗೊತ್ತಿಲ್ಲ. ತಮಾಷೆ ಅಂದರೆ ಜನ ಬಿಡುವುದಿಲ್ಲ.

ಉಬ್ಬರದ ಹೊತ್ತು. ಮೌರಿಸ್ ನಮಗೆ ಬೆನ್ನು ಹಾಕಿ ಅಂಚಿನಲ್ಲಿ ನಿಂತ. ಬೆನ್ನಿನ ಚರ್ಮ ಜೋತುಬಿದ್ದಿತ್ತು. ಎದೆಗೆ ಕೈ ಹಚ್ಚಿ ಶಿಲುಬೆಯ ಗುರುತು ಮಾಡಿದ.

ಬಿದ್ದ!

ಎಡಗೈ ತಲೆಯ ಮೇಲೆ. ಬಲಗಾಲು ಮಡಚಿ. ನಡುವೆ ಒಂದು ತಿರುವು.

ಮೂವತ್ತು ಮೊಬೈಲುಗಳಲ್ಲಿ ಮೂವತ್ತು ಉಜ್ವಲರು ಅದೇ ಥರ ಬಿದ್ದರು.

ನೀರಿನಲ್ಲಿ ತಲೆ ಕಾಣಲಿಲ್ಲ. ಭೀಮೇಶ ಕೊಸರಿಕೊಂಡು ಕೆಳಗೆ ಓಡಿದ. ಈಜು ಬಾರದವನು ಎದೆಮಟ್ಟ ಅಲೆಗೆ ಇಳಿದ! ಅವನ ಹಿಂದೆ ಇಬ್ಬರು ಬೈಕಿನವರು ಹಾರಿದರು. ಮೂವರೂ ಸೇರಿ ಮೌರಿಸನನ್ನು ಮರಳಿಗೆ ಎಳೆದು ತಂದರು. ಭುಜದ ಎಲುಬು ಮುರಿದಿತ್ತು. ಉಸಿರು ಇತ್ತು.

ದೀಕ್ಷಿತಾ ಗಂಡನ ಕಡೆ ತಿರುಗಿದಳು. "ಈ ವಿಡಿಯೊ ನಿಮಗೆ ಯಾರು ಕಳಿಸಿದ್ದು?"

"ಗೊತ್ತಿಲ್ಲ... ಯಾವುದೋ ಗ್ರೂಪಿನಲ್ಲಿ ಬಂತು."

ರಾಡು ಹಿಡಿದವನು ತಲೆ ಕೆರೆದುಕೊಂಡ. "ಗ್ರೂಪಿಗೆ ನೀವೇ ಹಾಕಿದ್ದಲ್ವಾ ಧಣಿ?"

ಭೀಮೇಶನನ್ನು ಕರೆದೆ. ಹೆಂಡತಿಯ ನಂಬರು ಅವನಿಗೆ ಬಾಯಿಪಾಠ. ನನ್ನ ಫೋನಿನಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ.

"ಮಹಾಲಕ್ಷ್ಮೀ, ಆ ಪಿಚ್ಚರ್ ವಿಡಿಯೊ ಅದ ಏನ?"

"ಅದ ರೀ. ಹೋದ ಸೋಮವಾರ ಕಳಿಸಿದ್ರಲ್ಲ. ಮಗಳು ಓಣಿ ತುಂಬ ತೋರಿಸ್ಯಾಳ. ಯಾಕ್ರೀ, ಉಸಿರು ಹಿಂಗ್ಯಾಕ ಬಿಡಾಕತ್ತೀರಿ?"

ಸೋಮವಾರ. ಗುಂಪಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ದೀಕ್ಷಿತಾ ಅಳಲಿಲ್ಲ. ಸಣ್ಣ ದನಿಯಲ್ಲಿ ಹೇಳಿದಳು. "ಶುಕ್ರವಾರ ಸಂಜೆ ಕಾರ್ಕಳದಲ್ಲಿದ್ದೆ ಅಂದಿರಿ. ನಿಮ್ಮ ಪ್ಯಾಂಟು ಮಂಡಿಯವರೆಗೆ ಒದ್ದೆ ಇತ್ತು. ಉಪ್ಪಿನ ಗೆರೆ ಇತ್ತು. ನಾನೇ ಒಗೆದದ್ದು..."

ರೋಹಿತಾಕ್ಷ ಓಡಿದ!

ನೂರು ಅಡಿ ಹೋಗಲಿಲ್ಲ. ಅವನೇ ಕರೆತಂದ ಹುಡುಗರು ಮರಳಿನಲ್ಲಿ ಕೆಡವಿದರು. ಅದೇ ರಾಡು ಮೇಲೆದ್ದಿತು.

ನಾನು ಅವನ ಮೇಲೆ ಅಡ್ಡ ಬಿದ್ದೆ. ಎರಡು ಏಟು ನನ್ನ ಬೆನ್ನಿಗೆ.

"ಬಿಡಿ ಭುಜಂಗಣ್ಣ! ಇವ ಕೊಲೆಗಾರ!"

"ಹತ್ತು ನಿಮಿಷದ ಹಿಂದೆ ಭೀಮೇಶನನ್ನು ತೋರಿಸಿ ಹೀಗೇ ಹೇಳಿದ್ದಿರಿ," ಎಂದೆ.

ರಾಡು ಇಳಿಯಿತು. ಜೀಪು ಬಂತು. ಮರಳಿನಿಂದ ಜೀಪಿಗೆ ಸುಮಾರು ಅರವತ್ತು ಹೆಜ್ಜೆ. ರೋಹಿತಾಕ್ಷನ ಕೈ ಹಿಡಿದು ಅರವತ್ತೂ ನಡೆಸಿದೆ. ಏನಾದರೂ ಅನ್ನಿಸುತ್ತದೆಯೋ ಅಂತ ಕಾದೆ.

ಪಕ್ಕೆಲುಬು ನೋಯುತ್ತಿತ್ತು. ಅಷ್ಟೇ.

ಉಜ್ವಲನ ಮೊಬೈಲ್ ರೋಹಿತಾಕ್ಷನ ಸಿಮೆಂಟ್ ಗೋದಾಮಿನಲ್ಲಿ ಸಿಕ್ಕಿತು. ಬಜಗೋಳಿಯ ಫೋಟೊಗಳು ಅದರಲ್ಲಿದ್ದವು. ರಾಮಲಿಂಗನ ಸಾವಿಗೂ ಕೇಸು ಆಯಿತು.

ಹತ್ತು ದಿನದ ಮೇಲೆ ಭೀಮೇಶನನ್ನು ಉಡುಪಿ ಬಸ್‌ಸ್ಟ್ಯಾಂಡಿಗೆ ಬಿಟ್ಟೆ. ಕೈಯಲ್ಲಿ ರಾಮಲಿಂಗನ ಬಟ್ಟೆಯ ಚೀಲ. ಅವನ ಅವ್ವ ಸೋಮವ್ವನಿಗೆ ಮುಟ್ಟಿಸಬೇಕಿತ್ತು.

"ವಾಪಸ್ ಬರ್ತೀಯಾ?"

"ಗೊತ್ತಿಲ್ರೀ ಸಾಹೇಬ್ರ. ಕೆಲಸ ಎಲ್ಲಿ ಅದ, ಅಲ್ಲಿ ಬರಬೇಕಲ್ರೀ."

ಅಷ್ಟರಲ್ಲಿ ಇಬ್ಬರು ಓಡುತ್ತಾ ಬಂದರು. ಬೈಕಿನವರು. ಒಬ್ಬ ಸಂತೆಕಟ್ಟೆಯಲ್ಲಿ ನನ್ನ ಗಾಜಿಗೆ ಕಲ್ಲು ಹೊಡೆದವನು. ಕ್ಷಮೆ ಕೇಳಲು ಬಂದಿರಬೇಕು ಅಂದುಕೊಂಡೆ.

"ಭೀಮೇಶಣ್ಣ, ನೀವೀಗ ಎಲ್ಲ ಕಡೆ ವೈರಲ್ ಅಲ್ವಾ... ಒಂದು ಸೆಲ್ಫಿ!"

ಭೀಮೇಶ ನನ್ನ ಮುಖ ನೋಡಿದ. ಆಮೇಲೆ ಚೀಲವನ್ನು ಕೆಳಗಿಟ್ಟು, ಅಂಗಿ ಸರಿಮಾಡಿಕೊಂಡು, ಇಬ್ಬರ ನಡುವೆ ನಿಂತ.

ಸೆಲ್ಫಿಯಲ್ಲಿ ಮೂವರೂ ಹಿಡಿಯಲಿಲ್ಲ. ಕೊನೆಗೆ ಫೋಟೊ ಹೊಡೆದುಕೊಟ್ಟವನು ನಾನೇ.